ಅಂಚು ಕಟ್ಟದ ಚಾಪೆ

“ಮಗೂನ ನನ್ನ ಹತ್ರ ಬಿಟ್ಟು ಹೋಗು. ದುಡ್ಡು ನಾನು ಕೊಡ್ತೀನಿ.”

ಕಲೊಲೈನೆ ಇಷ್ಟು ಹೇಳಿ, ಮೂರು ವರ್ಷದ ಪಿಸಿಲಾಳನ್ನು ಎತ್ತಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಚಾಪೆ ಹೆಣೆಯುತ್ತಿದ್ದ ಟೋಕಿಲುಪೆಯ ಕೈಯಲ್ಲಿ ಕೇದಿಗೆ ಗರಿ ಹಾಗೇ ನಿಂತಿತು. ಹಿತ್ತಲಿನ ಅಡುಗೆ ಗುಡಿಸಲಿನಲ್ಲಿ ಮರಗೆಣಸು ಸುಲಿಯುತ್ತಿದ್ದ ಚಾಕುವಿನ ಸದ್ದೂ ನಿಂತಿತು. ಅಲ್ಲಿದ್ದವನು ಟೋಕಿಲುಪೆಯ ಗಂಡ ಸೆಮಿಸಿ. ಗೇಟಿನ ಬಳಿ ಅಕ್ಕ ಕಲೊಲೈನೆಯ ದನಿ ಕೇಳಿದ ಕೂಡಲೇ ಅವನು ಸೊಂಟ ಹಿಡಿದುಕೊಂಡು ಎದ್ದು ಹಿಂಬಾಗಿಲಿನಿಂದ ಹೊರಗೆ ಹೋಗಿದ್ದ. ಅಕ್ಕ ಕೂತ ಕೋಣೆಯಲ್ಲಿ ತಮ್ಮ ಕೂರುವಂತಿಲ್ಲ; ಅವಳ ಮಾತಿಗೆ ಎದುರಾಡುವಂತಿಲ್ಲ. ಟೊಂಗಾದಲ್ಲಿ ಹುಟ್ಟಿದ ಗಂಡಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಆ ಮನೆಯಲ್ಲಿ ಕಲೊಲೈನೆಗೆ ಉತ್ತರ ಕೊಡಬೇಕಾದವಳು ಯಾವಾಗಲೂ ಟೋಕಿಲುಪೆ. ಉತ್ತರ ಕೊಡುವ ಹಕ್ಕು ಎಲ್ಲರಿಗಿಂತ ಕಡಿಮೆ ಇದ್ದವಳೂ ಅವಳೇ.

ಇಬ್ಬರ ನಡುವೆ ನೆಲದ ಮೇಲೆ ಏಜೆಂಟನ ಕಾಗದ ಬಿದ್ದಿತ್ತು. ಆಸ್ಟ್ರೇಲಿಯಾದ ದ್ರಾಕ್ಷಿ ತೋಟ, ಒಂಬತ್ತು ತಿಂಗಳ ಕೆಲಸ, ಈ ಸಲ ಹೆಂಗಸರೂ ಬೇಕು. ಹೊರಡುವ ಮುಂಚೆ ಪಾಸ್‌ಪೋರ್ಟು, ವೀಸಾ, ವೈದ್ಯರ ತಪಾಸಣೆ, ಬೂಟು, ಟಿಕೆಟ್ಟಿನಲ್ಲಿ ನಮ್ಮ ಪಾಲು, ಎಲ್ಲ ಸೇರಿ ಸಾವಿರದ ಒಂಬೈನೂರು ಪಾಂಗಾ. ಆ ಮನೆಯಲ್ಲಿ ಆವತ್ತು ಇದ್ದದ್ದು ಅರವತ್ತು.

“ಅತ್ತಿಗೆ, ಹಾಗಾದ್ರೆ ಇದನ್ನ ಸಾಲ ಅಂತ ಇಟ್ಕೊಳ್ಳೋಣ. ಬಂದ ತಕ್ಷಣ ತೀರಿಸ್ತೀನಿ,” ಎಂದಳು ಟೋಕಿಲುಪೆ ತಲೆ ತಗ್ಗಿಸಿ.

“ಸಾಲ?” ಕಲೊಲೈನೆ ನಕ್ಕಳು. “ನನ್ನ ತಮ್ಮನ ಮನೆಗೆ ನಾನು ಸಾಲ ಕೊಡ್ತೀನಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಟೋಕಿ. ಇವಳಿಗೆ ಹೆಸರಿಟ್ಟವಳು ನಾನು. ಇವಳ ಮದುವೆ ದಿನ ಎಲ್ಲರಿಗಿಂತ ಮೇಲೆ ಕೂರೋಳು ನಾನು. ನನ್ನ ಮನೇಲಿ ಇದ್ರೆ ಏನಂತೆ?”

ಆ ಮಾತು ಆವತ್ತು ಎಷ್ಟು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತ್ತು… ಟೋಕಿಲುಪೆಯ ಕಣ್ಣು ತುಂಬಿ ಬಂದಿತ್ತು. ಸಾಲವಲ್ಲದ ದುಡ್ಡು ಸಾಲಕ್ಕಿಂತ ಭಾರವಾಗಿರಬಹುದು ಎಂದು ಅವಳಿಗೆ ಹೊಳೆಯಲಿಲ್ಲ.

ಅತ್ತಿಗೆ ಬಸ್ಸಿಗೆ ಹೋದ ಮೇಲೆ ಸೆಮಿಸಿ ಒಳಗೆ ಬಂದ. ಗೋಡೆಗೆ ಬೆನ್ನು ಒರಗಿಸಿ, ಒಂದು ಕಾಲು ಚಾಚಿ, ಇನ್ನೊಂದನ್ನು ನಿಧಾನವಾಗಿ ಮಡಿಚಿ ಕೂತ. ಅದೇ ದೇಶದ ಬೇರೊಂದು ತೋಟದಲ್ಲಿ ಎರಡು ವರ್ಷ ಪೆಟ್ಟಿಗೆ ಹೊತ್ತು ಅವನ ಬೆನ್ನು ಹೋಗಿತ್ತು. ಮೂರನೇ ವರ್ಷ ಏಜೆಂಟ್ ಅವನನ್ನು ಕರೆಯಲಿಲ್ಲ. ಈಗ ಅವನು ಗೆಣಸಿನ ತೋಟದಲ್ಲಿ ಅರ್ಧ ಗಂಟೆ ಗುದ್ದಲಿ ಹಿಡಿದರೆ ಎರಡು ದಿನ ಮಲಗಬೇಕು.

“ಕಾಗದದಲ್ಲಿ ವಾರಕ್ಕೆ ಏಳ್ನೂರ ಐವತ್ತು ಡಾಲರ್ ಅಂತಿದೆಯಲ್ಲ, ಅದನ್ನ ನಂಬಬೇಡ,” ಎಂದ. “ಮೊದಲು ತೆರಿಗೆ. ಆಮೇಲೆ ಕೋಣೆ ಬಾಡಿಗೆ. ಆರು ಜನ ಇರೋ ಕೋಣೆಗೆ ಒಬ್ಬೊಬ್ಬರಿಂದಲೂ ಪೂರ್ತಿ ಕೋಣೆ ಬಾಡಿಗೆ ತಗೋತಾರೆ. ತೋಟಕ್ಕೆ ಕರ್ಕೊಂಡು ಹೋಗೋ ವ್ಯಾನಿಗೆ ಬೇರೆ. ಟಿಕೆಟ್ಟಿನ ಉಳಿದ ದುಡ್ಡು ಕಂತಿನಲ್ಲಿ ಹಿಡೀತಾರೆ. ಮಳೆ ಬಂದ ದಿನ ಕೂಲಿ ಇಲ್ಲ, ಬಾಡಿಗೆ ಮಾತ್ರ ಇದೆ. ಕೈಗೆ ಬರೋದು ಅರ್ಧ. ಅದರಲ್ಲಿ ಊಟ.”

“ಅರ್ಧ ಅಂದ್ರೂ ಇಲ್ಲಿಗಿಂತ ಜಾಸ್ತಿ ತಾನೆ?”

“ಜಾಸ್ತಿ.”

“ಇಂಥ ಚಾಪೆ ನಾಲ್ಕು ತಿಂಗಳು ಹೆಣೆದ್ರೆ ಏಳ್ನೂರು ಪಾಂಗಾ. ಅದೂ ಕೊಳ್ಳೋರು ಸಿಕ್ಕಿದ್ರೆ.”

“ಗೊತ್ತು ಕಣೆ.”

“ಒಂಬತ್ತು ಸಾವಿರ ಪಾಂಗಾ ಸೇರಿದ್ರೆ ಸಾಕು. ಒಂದು ಫ್ರೀಜರ್, ತಗಡಿನ ಮಾಡು, ಎರಡು ಕಪಾಟು, ಮೊದಲ ಸಾಮಾನು. ನೀವು ಕೂತ್ಕೊಂಡೇ ವ್ಯಾಪಾರ ಮಾಡಬಹುದು. ಮತ್ತೆ ಯಾರೂ ಎಲ್ಲಿಗೂ ಹೋಗೋದು ಬೇಡ.”

ಆ ಅಂಗಡಿಯನ್ನು ಇಬ್ಬರೂ ಮಾತಿನಲ್ಲಿ ಎಷ್ಟು ಸಲ ಕಟ್ಟಿದ್ದರೋ! ರಸ್ತೆಗೆ ಮುಖ ಮಾಡಿದ ಕಿಟಕಿ, ಅದಕ್ಕೆ ಜಾಲರಿ, ಒಳಗೆ ಕುರಿಮಾಂಸದ ಪೊಟ್ಟಣ, ಡಬ್ಬಿ ಮೀನು, ಸಕ್ಕರೆ, ಮಕ್ಕಳಿಗೆ ಬಿಸ್ಕತ್ತು. ಟೊಂಗಾದ ಮಾತಿನಲ್ಲಿ ಹೆಂಗಸರು ಹೆಣೆಯುವ ಚಾಪೆಗೂ ಕೊಲೋವಾ ಎಂದೇ ಹೆಸರು, ಐಶ್ವರ್ಯಕ್ಕೂ ಕೊಲೋವಾ, ಅಂಗಡಿಯೆಂದರೆ ಕೊಲೋವಾದ ಮನೆ. ಅಜ್ಜಿ, ಮುತ್ತಜ್ಜಿಯರೆಲ್ಲ ಮೊದಲ ಕೊಲೋವಾದಲ್ಲೇ ತೃಪ್ತರಾಗಿ ತೀರಿಕೊಂಡವರು. ಟೋಕಿಲುಪೆಗೆ ಮೂರನೆಯದು ಬೇಕಿತ್ತು. ಅದಕ್ಕಾಗಿ ಒಂಬತ್ತು ತಿಂಗಳು ಮಗುವನ್ನು ಬಿಟ್ಟಿರಬೇಕು. ಬೆನ್ನು ಹೋದ ಗಂಡನ ಕೈಯಲ್ಲಿ ಮೂರು ವರ್ಷದ ಮಗು ಬೆಳೆಯುವುದು ಹೇಗೆ? ಅತ್ತಿಗೆಯ ಮನೆಯಲ್ಲಾದರೆ ನೆಲಕ್ಕೆ ಟೈಲ್ಸ್, ಹೊತ್ತಿಗೆ ಹಾಲು. ಮಕ್ಕಳಿಲ್ಲದ ವಿಧವೆ, ಕೈತುಂಬ ಮನೆ ಬಾಡಿಗೆ. ಹೀಗೆ ಎಷ್ಟು ಸಲ ತೂಗಿದರೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. ತೂಗುವಾಗಲೆಲ್ಲ ಮಗುವನ್ನು ಯಾವ ತಟ್ಟೆಗೆ ಹಾಕುವುದೆಂದು ತಿಳಿಯದೆ ಅವಳು ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಉಳಿದದ್ದನ್ನು ತೂಗಿದ್ದಳು.

ಹೊರಡುವ ದಿನ ಎರಡು ವಾರ ಮುಂಚೆಯೇ ಬಂದುಬಿಟ್ಟಿತು. ಏಜೆಂಟ್ ಫೋನು ಮಾಡಿ, ವಿಮಾನದಲ್ಲಿ ಜಾಗ ಸಿಕ್ಕಿದೆ, ಗುರುವಾರ ಬಾ ಎಂದ. ಅವಳು ಹೆಣೆಯುತ್ತಿದ್ದ ಚಾಪೆ ಪಿಸಿಲಾಳದೇ. ಬೇರೆ ಹಾಸಿಗೆಯಲ್ಲಿ ಮಗು ಮಲಗುತ್ತಿರಲಿಲ್ಲ. ಹೆಣೆಯುತ್ತಿರುವಾಗಲೇ ಅದರ ಮೇಲೆ ಬಿದ್ದುಕೊಂಡು ನಿದ್ದೆ ಹೋಗುತ್ತಿತ್ತು. ಮೂರು ಕಡೆ ಅಂಚು ಮಡಿಚಿ ಆಗಿತ್ತು. ನಾಲ್ಕನೆಯ ಕಡೆ ಗರಿಗಳು ಇನ್ನೂ ಬಾಚದ ಕೂದಲಿನಂತೆ ಬಿಚ್ಚಿಕೊಂಡಿದ್ದವು.

“ಹೀಗೇ ಕಳಿಸ್ತೀಯಾ?” ಎಂದು ಸೆಮಿಸಿ ಕೇಳಿದ.

“ಮಲಗೋಕೆ ಸಾಕು. ಅಂಚು ಕಟ್ಟದ ಚಾಪೆ, ಇದನ್ನೇನು ಯಾರಿಗಾದ್ರೂ ಕೊಡ್ತೀವಾ? ಬಂದ ಮೇಲೆ ಕಟ್ತೀನಿ.”

ಅವಳು ಗರಿಗಳ ತುದಿಯನ್ನು ನಾರಿನ ದಾರದಿಂದ ಒಟ್ಟಾಗಿ ಬಿಗಿದು, ಚಾಪೆಯನ್ನು ಸುತ್ತಿ, ಮಗುವನ್ನೂ ಚಾಪೆಯನ್ನೂ ಪಟ್ಟಣದಲ್ಲಿ ಅತ್ತಿಗೆಯ ಮನೆಯ ಮೆಟ್ಟಿಲ ಮೇಲೆ ಇಳಿಸಿದಳು. ಕಲೊಲೈನೆ ಚಾಪೆಯನ್ನು ಒಮ್ಮೆ ನೋಡಿದಳು, ಮಗುವನ್ನು ಒಮ್ಮೆ ನೋಡಿದಳು. “ಚಾಪೆ ಸಮೇತ ತಂದೆಯಾ?” ಎಂದಳು. ಅದರಲ್ಲಿ ಕೇಳಬೇಕಾದದ್ದು ಏನಾದರೂ ಇತ್ತೇ ಎಂದು ಯೋಚಿಸಲು ಟೋಕಿಲುಪೆಗೆ ಆಗ ಪುರಸೊತ್ತಿರಲಿಲ್ಲ.

ತೋಟದಲ್ಲಿ ಕಾಲ ಸಾಲುಗಳಲ್ಲಿ ಸರಿಯಿತು. ಮೊದಲು ಕಿತ್ತಳೆ, ಆಮೇಲೆ ದ್ರಾಕ್ಷಿ. ಸೆಮಿಸಿ ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಜನವರಿಯಲ್ಲಿ ಹನ್ನೊಂದು ದಿನ ಮಳೆ ಹಿಡಿದು ಹಣ್ಣು ಒಡೆಯಿತು. ಆ ಹನ್ನೊಂದು ದಿನವೂ ಬಾಡಿಗೆ ಓಡಿತು. ತಂತಿಯ ಕೆಳಗೆ ಬಗ್ಗಿ ಬಗ್ಗಿ ಅವಳ ಕತ್ತು ಒಂದೇ ಕಡೆ ತಿರುಗುವಂತಾಯಿತು. ಬೆರಳುಗಳು ಚಾಪೆ ಹೆಣೆಯುವ ಬೆರಳುಗಳ ಹಾಗೆ ಕಾಣುತ್ತಿರಲಿಲ್ಲ. ಅವಳ ಸಾಲಿನ ಆಚೆ ಕಡೆ ಟೊಂಗಾದ ವವಾವು ದ್ವೀಪದ ಟೆಲೇಸಿಯಾ ಇದ್ದಳು. ಅದು ಅವಳ ಐದನೇ ವರ್ಷ. ಮುಂದಿನ ಎರಡು ಹಲ್ಲಿಲ್ಲ, ಬಾಯಿಗೆ ಬಿಡುವಿಲ್ಲ.

“ಏನೇ ಟೋಕಿ, ಎಷ್ಟು ಬುಟ್ಟಿ ಆಯ್ತು?”

“ಇಪ್ಪತ್ತಾರು.”

“ಇಪ್ಪತ್ತಾರಾ? ಹಾಗಾದ್ರೆ ನಿನ್ನ ಫ್ರೀಜರಿನ ಬಾಗಿಲಿನ ಹಿಡಿ ಬಂತು. ನಾಳೆ ಬಾಗಿಲು. ದೇವರು ನಡೆಸಿದ್ರೆ ಈಸ್ಟರ್ ಹೊತ್ತಿಗೆ ತಣ್ಣಗಾಗುತ್ತೆ.”

ಶನಿವಾರ ಸಂಬಳ, ಶನಿವಾರವೇ ಊರಿಗೆ ಕಳಿಸುವುದು. ಸೆಮಿಸಿಯ ಖರ್ಚಿಗೆ ನೂರು ಪಾಂಗಾ, ಮಗುವಿನ ಖರ್ಚಿಗೆಂದು ಅತ್ತಿಗೆಗೆ ಐವತ್ತು. ಭಾನುವಾರ ಪ್ರಾರ್ಥನೆಯ ನಂತರ ಫೋನು. ಮೊದಮೊದಲು ಪಿಸಿಲಾ ಫೋನಿನ ಪರದೆಗೇ ಮೂಗು ಒತ್ತಿ “ಅಮ್ಮಾ, ಬಾ” ಎನ್ನುತ್ತಿದ್ದಳು. ಕ್ರಿಸ್‌ಮಸ್ ಹೊತ್ತಿಗೆ ಎರಡು ಮಾತಾಡಿ ಆಟಕ್ಕೆ ಓಡುತ್ತಿದ್ದಳು. ಫೆಬ್ರವರಿಯ ಒಂದು ಭಾನುವಾರ, ಹಿಂದಿನಿಂದ ಕಲೊಲೈನೆಯ ದನಿ, “ಮಾತಾಡು ಚಿನ್ನ, ಟೋಕಿ ಫೋನು ಮಾಡಿದಾಳೆ.” ಮಗು ಪರದೆಯನ್ನು ನೋಡಿ ಮುದ್ದಾಗಿ, “ಹಲೋ ಟೋಕಿ,” ಎಂದಿತು.

ಟೆಲೇಸಿಯಾ ಪಕ್ಕದ ಮಂಚದಲ್ಲಿ ಬಟ್ಟೆ ಮಡಿಚುತ್ತಿದ್ದಳು. ಅವಳೂ ಕೇಳಿಸಿಕೊಂಡಳು. ಆವತ್ತು ಅವಳು ತಮಾಷೆ ಮಾಡಲಿಲ್ಲ.

“ನನ್ನ ಎರಡನೇ ಮಗ ನನ್ನನ್ನ ‘ದೊಡ್ಡಮ್ಮ’ ಅಂತಾನೆ,” ಎಂದಳು ಅಂಗಿಯ ತೋಳನ್ನು ನೇರ ಮಾಡುತ್ತಾ. “ಐದು ವರ್ಷದಲ್ಲಿ ಮನೆಗೆ ಮಾಡು ಬಂತು, ನೀರಿನ ಟ್ಯಾಂಕ್ ಬಂತು. ಏಜೆಂಟನ ಕಾಗದದಲ್ಲಿ ಇದಕ್ಕೊಂದು ಸಾಲು ಇಲ್ಲ ನೋಡು.”

ಏಪ್ರಿಲ್ ಕೊನೆಗೆ ಟೋಕಿಲುಪೆ ಊರಿಗೆ ಬಂದಳು. ಮೇ ತಿಂಗಳ ಮೊದಲ ಭಾನುವಾರ ಇಗರ್ಜಿಯಲ್ಲಿ ಮಕ್ಕಳ ಹಬ್ಬ. ಅದಕ್ಕಿನ್ನೂ ಮೂರು ದಿನವಿತ್ತು. ಕೈಚೀಲದಲ್ಲಿ ಲಕೋಟೆ, ಲಕೋಟೆಯಲ್ಲಿ ಏಳು ಸಾವಿರದ ಇನ್ನೂರು ಪಾಂಗಾ. ಅಂದುಕೊಂಡ ಒಂಬತ್ತಕ್ಕೆ ಇನ್ನೂ ಕಡಿಮೆ. ಅದರಲ್ಲಿ ಅತ್ತಿಗೆಯ ಸಾವಿರದ ಒಂಬೈನೂರು ಕಳೆದರೆ ಇನ್ನೂ ಕಡಿಮೆ. ಆದರೂ ಹಳೇ ಫ್ರೀಜರ್ ಸಿಕ್ಕೀತು, ಮಾಡಿಗೆ ಸೋಗೆ ಹೊದಿಸಿದರಾಯಿತು ಎಂದು ವಿಮಾನದುದ್ದಕ್ಕೂ ಕೂಡಿಸಿಕೊಂಡು ಬಂದಿದ್ದಳು. ವಿಮಾನ ನಿಲ್ದಾಣದಿಂದ ಗಂಡ ಹೆಂಡಿರು ನೆಟ್ಟಗೆ ಕಲೊಲೈನೆಯ ಮನೆಗೇ ಹೋದರು. ಸೆಮಿಸಿ ಬೇಲಿಯ ಹೊರಗೆ ಮಾವಿನ ಮರದ ಕೆಳಗೆ ನಿಂತ.

ಪಿಸಿಲಾ ಬೆಳೆದಿದ್ದಳು. ಬಿಳಿ ಉಡುಪು, ಎರಡು ಜಡೆ, ಕಾಲಿಗೆ ಶೂ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವಳು ಕಲೊಲೈನೆಯ ಲಂಗದ ಹಿಂದೆ ಸರಿದಳು. ಅಲ್ಲಿಂದ ಇಣುಕಿ, “ಅಮ್ಮಾ, ಟೋಕಿ ಬಂದ್ಳು,” ಎಂದಳು. ಅಮ್ಮಾ ಎಂದು ಕರೆದದ್ದು ಕಲೊಲೈನೆಯನ್ನು.

ಟೋಕಿಲುಪೆ ಹೊಸ್ತಿಲಲ್ಲೇ ಕೂತುಬಿಟ್ಟಳು. ಲಕೋಟೆಯಿಂದ ಮೊದಲೇ ಎಣಿಸಿ ಬೇರೆ ಮಾಡಿಟ್ಟಿದ್ದ ನೋಟುಗಳನ್ನು ತೆಗೆದು, ಮಂಡಿಯೂರಿ ಅತ್ತಿಗೆಯ ಮುಂದೆ ಸರಿಸಿದಳು.

“ಏನಿದು?”

“ನೀವು ಕೊಟ್ಟದ್ದು ಅತ್ತಿಗೆ. ಸಾವಿರದ ಒಂಬೈನೂರು. ನಿಮ್ಮ ಉಪಕಾರ ತೀರಿಸೋಕಾಗಲ್ಲ, ದುಡ್ಡಾದ್ರೂ ತೀರಲಿ. ಪಿಸಿಲಾನ ಕರ್ಕೊಂಡು ಹೋಗ್ತೀವಿ.”

ಕಲೊಲೈನೆ ನೋಟುಗಳನ್ನು ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಒಂದು ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ಐವತ್ತರ ನೋಟುಗಳು, ವಾರಕ್ಕೊಂದರಂತೆ, ಮೂವತ್ತಾರು. ಒಂದನ್ನೂ ಮುರಿಸಿರಲಿಲ್ಲ.

“ನನ್ನ ಮಗಳನ್ನ ಸಾಕೋಕೆ ನನಗೆ ಯಾರ ದುಡ್ಡೂ ಬೇಡ. ಸಾಲ ಅಂತ ನಾನು ಯಾವತ್ತಾದ್ರೂ ಅಂದೆನಾ? ನೀನೇ ನೆನಪು ಮಾಡ್ಕೋ. ನೀನು ಮಗೂನ ಬರಿಗೈಲಿ ತಂದು ಬಿಟ್ಟು ಹೋಗಿದ್ರೆ ನೋಡಿಕೊಳ್ಳೋಕೆ ಬಿಟ್ಟಿದಾಳೆ ಅಂದ್ಕೋತಿದ್ದೆ. ಚಾಪೆ ಸಮೇತ ತಂದು ನನ್ನ ಮೆಟ್ಟಿಲ ಮೇಲೆ ಇಟ್ಟೆ. ಕೊಲೋವಾ ಜೊತೆ ಬಂದದ್ದು ಕಾಣಿಕೆ, ಅದು ವಾಪಸ್ ಹೋಗುತ್ತಾ? ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?”

“ಅತ್ತಿಗೆ… ಅದು ಅವಳು ಮಲಗೋ ಚಾಪೆ.”

“ಈಗಲೂ ಅದರ ಮೇಲೇ ಮಲಗ್ತಾಳೆ. ಇದೇ ಮನೇಲಿ.” ಆಮೇಲೆ ಅವಳ ದನಿ ಇಳಿಯಿತು. ಬೈಗುಳಕ್ಕಿಂತ ಆ ಮೆತ್ತಗಿನ ದನಿಯೇ ಕಷ್ಟವಾಗಿತ್ತು. “ಯೋಚನೆ ಮಾಡು ಟೋಕಿ. ಏಜೆಂಟ್ ಎರಡನೇ ವರ್ಷಕ್ಕೂ ನಿನ್ನ ಹೆಸರು ಬರೆದಿದಾನಂತೆ. ಹೋಗು. ಈ ದುಡ್ಡಿಗೆ ಫ್ರೀಜರ್ ತಗೋ, ಆ ದುಡ್ಡಿಗೆ ಅಂಗಡಿ ಕಟ್ಟು. ಇವಳು ಇಲ್ಲಿ ಒಳ್ಳೇ ಶಾಲೆಗೆ ಹೋಗ್ತಾಳೆ. ನನ್ನ ತಮ್ಮ ಕೂತು ಉಣ್ತಾನೆ. ಯಾರಿಗೇನು ನಷ್ಟ?”

ಹೊರಗೆ ಮಾವಿನ ಮರದ ಕೆಳಗೆ ಸೆಮಿಸಿಗೆ ಎಲ್ಲ ಕೇಳಿಸಿತ್ತು.

“ನೀವು ಒಂದು ಮಾತು ಹೇಳಿ. ಒಂದೇ ಒಂದು,” ಎಂದು ಟೋಕಿಲುಪೆ ಹೊರಗೆ ಬಂದು ಅವನ ತೋಳು ಹಿಡಿದಳು.

“ಅವಳು ನನ್ನ ಅಕ್ಕ, ಟೋಕಿ.”

“ಅವಳು ನಿಮ್ಮ ಮಗಳು.”

ಅವನು ಮರದ ಕಾಂಡಕ್ಕೆ ಹಣೆ ಒತ್ತಿ ನಿಂತ. ಭುಜಗಳು ನಡುಗುತ್ತಿದ್ದವು. ತನ್ನ ಅಪ್ಪ ಸತ್ತಾಗಲೂ ಅಳದಿದ್ದ ಗಂಡಸು. ಟೋಕಿಲುಪೆಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಬ್ಬದ ಅಡುಗೆಗೆ ಕೈ ಬೇಕೆಂದು ಕಲೊಲೈನೆ ಅವಳನ್ನು ಮನೆಯಲ್ಲೇ ಉಳಿಸಿಕೊಂಡಳು. ಮಗುವಿನ ಅಮ್ಮನಾಗಿ ಅಲ್ಲ, ತಮ್ಮನ ಹೆಂಡತಿಯಾಗಿ. ಸೆಮಿಸಿಯೂ ಆ ಮೂರು ದಿನ ಬೇಲಿಯ ಬದಿಯ ಒಲೆಯ ಗುಂಡಿಗೆ ಸೌದೆ ಒಟ್ಟುತ್ತಾ ಹೊರಗೇ ಉಳಿದ. ಅವಳು ಕೆಸುವಿನ ಎಲೆ ತೊಳೆದಳು, ತೆಂಗಿನಕಾಯಿ ತುರಿದಳು. ಮಗು ಹಬ್ಬದಲ್ಲಿ ಒಪ್ಪಿಸಬೇಕಾದ ನಾಲ್ಕು ಸಾಲು ಪ್ರಾರ್ಥನೆಯನ್ನು ಕಲೊಲೈನೆ ಒಳಗೆ ಹೇಳಿಕೊಡುವುದು ಕೇಳುತ್ತಿತ್ತು. ಎಷ್ಟು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು! ತಪ್ಪಿದರೆ ನಗುತ್ತಿದ್ದಳು, ಮತ್ತೆ ಮೊದಲಿಂದ. ಅದನ್ನು ಕೇಳುವಾಗ ಟೋಕಿಲುಪೆಯ ಮನಸ್ಸು ಮತ್ತೆ ತೂಗತೊಡಗುತ್ತಿತ್ತು. ಮನೆಗೆ ಕರೆದುಕೊಂಡು ಹೋದರೆ ಇವಳಿಗೆ ಏನು ಕೊಡುತ್ತೇನೆ? ಮಣ್ಣಿನ ನೆಲ, ಎದ್ದು ನಿಲ್ಲಲಾರದ ಅಪ್ಪ, ಅಥವಾ ಒಂಬತ್ತು ತಿಂಗಳಿಗೊಮ್ಮೆ ಬರುವ ಅಮ್ಮ. ಬಿಟ್ಟು ಹೋದರೆ ಶಾಲೆ, ಶೂ, ಅಂಗಡಿ… ಎಲ್ಲವೂ ಈ ಕಡೆ. ಆ ಕಡೆ ಒಂದೇ ಒಂದು ಕರೆ, ‘ಅಮ್ಮಾ’ ಎಂಬುದು. ಬುದ್ಧಿ ಇರುವವರು ಯಾರಾದರೂ ಅದಕ್ಕೆ ಬೆಲೆ ಕಟ್ಟುತ್ತಾರೆಯೇ?

ಶನಿವಾರ ಬೆಳಿಗ್ಗೆ ಅವಳು ಚಾಪೆಯನ್ನು ಬಿಸಿಲಿಗೆ ಹಾಕಲೆಂದು ಎತ್ತಿಕೊಂಡಳು. ಬೇಲಿಯ ಮೇಲೆ ಹರಡಿ ಕೊಡವುವಾಗ ಕೈ ನಿಂತಿತು. ನಾಲ್ಕು ಕಡೆಯೂ ಅಂಚು ಮುಗಿದಿತ್ತು! ನಾಲ್ಕನೆಯ ಕಡೆ ಗರಿಗಳನ್ನು ಮಡಿಚಿ, ಒಳಕ್ಕೆ ಹೆಣೆದು, ಮೇಲೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿತ್ತು. ಅವಳು ಹತ್ತಿರ ಹಿಡಿದು ನೋಡಿದಳು. ಮೂರು ಕಡೆ ಮಡಿಕೆ ಬಲಕ್ಕೆ ವಾಲಿತ್ತು, ಅದು ಅವಳ ಕೈ. ನಾಲ್ಕನೆಯದು ಎಡಕ್ಕೆ. ಆ ಮನೆಯಲ್ಲಿ ಎಡಗೈಯಲ್ಲಿ ಹೆಣೆಯುವವಳು ಒಬ್ಬಳೇ.

ಅಂಚು ಕಟ್ಟದ ಚಾಪೆಯನ್ನು ಯಾವ ಹೆಂಗಸೂ ಯಾರಿಗೂ ಕಾಣಿಕೆ ಕೊಡುವುದಿಲ್ಲ, ಯಾವ ಹೆಂಗಸೂ ಕಾಣಿಕೆಯೆಂದು ತೆಗೆದುಕೊಳ್ಳುವುದಿಲ್ಲ. ಕಲೊಲೈನೆಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ನೋಡಿದಾಗಲೇ ಗೊತ್ತಿತ್ತು. ಅದಕ್ಕೇ ಕೂತು ಮುಗಿಸಿದ್ದಳು.

ಸೆಮಿಸಿ ಬೇಲಿಯ ಆಚೆಯಿಂದ ನೋಡುತ್ತಿದ್ದ. ಅವಳು ಮಾತಿಲ್ಲದೆ ಅಂಚನ್ನು ತಿರುಗಿಸಿ ತೋರಿಸಿದಳು. ಅವನು ಹೆಣೆಯುವವಳ ಮಗ. ಅರ್ಥವಾಗಲು ಒಂದು ಗಳಿಗೆ ಸಾಕಾಯಿತು.

“ನಾಳೆ ಎಲ್ಲರೂ ಊಟಕ್ಕೆ ಸೇರ್ತಾರೆ,” ಎಂದ ಅವನು. “ಹೇಳಿಬಿಡು. ಎಲ್ಲರ ಮುಂದೆ ಹೇಳಿಬಿಡು.”

“ಹೇಳಿದ್ರೆ ಅತ್ತಿಗೆ ಮತ್ತೆ ಇಗರ್ಜಿಗೆ ಬರೋಕಾಗಲ್ಲ.”

“ಬರದೇ ಇರ್ಲಿ.”

“ಪಿಸಿಲಾಗೆ ಇರೋದು ಒಬ್ಬಳೇ ಸೋದರತ್ತೆ,” ಎಂದಳು ಟೋಕಿಲುಪೆ.

ಭಾನುವಾರ ಪಿಸಿಲಾ ನಾಲ್ಕು ಸಾಲನ್ನೂ ತಪ್ಪದೆ ಹೇಳಿದಳು. ಹೇಳಿ ಮುಗಿಸಿ ಓಡಿ ಹೋಗಿ ಕಲೊಲೈನೆಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಮಧ್ಯಾಹ್ನ ಕಲೊಲೈನೆಯ ಅಂಗಳದಲ್ಲಿ ನಂಟರಿಷ್ಟರೆಲ್ಲ ಸೇರಿದರು. ಹಂದಿಮಾಂಸ, ಹೆಗ್ಗೆಣಸು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆ. ಊಟ ಮುಗಿಯುತ್ತಾ ಬಂದಾಗ ಟೋಕಿಲುಪೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆಯನ್ನು ಬಿಗಿಸಿಕೊಂಡು ಒಳಗಿನಿಂದ ಬಂದಳು. ಕೈಯಲ್ಲಿ ಮಗುವಿನ ಚಾಪೆ. ಹೆಂಗಸರ ನಡುವೆ, ಕಲೊಲೈನೆಯ ಕಾಲ ಬಳಿ, ಅದನ್ನು ಬಿಡಿಸಿ ಹಾಸಿದಳು. ಕೆಂಪು ಕುಚ್ಚಿನ ಕಡೆಯನ್ನು ಎಲ್ಲರಿಗೂ ಕಾಣುವಂತೆ ಹಾಸಿದಳು. ನೆಲದಲ್ಲಿ ಕೂತು, ಕೈ ಜೋಡಿಸಿ, ಮಾತಾಡಿದಳು.

“ಅತ್ತಿಗೆ, ನನಗೆ ದೊಡ್ಡ ಮಾತು ಆಡೋಕೆ ಬರಲ್ಲ. ಹೋದ ವರ್ಷ ನಾನು ಹೊರಡೋವಾಗ ಈ ಚಾಪೆ ಮುಗಿದಿರಲಿಲ್ಲ. ಅಂಚು ಬಿಚ್ಚಿಕೊಂಡೇ ಇತ್ತು. ನೀವು ಅದನ್ನ ನಿಮ್ಮ ಕೈಯಾರೆ ಮುಗಿಸಿದೀರಿ. ನೋಡಿ, ಎಷ್ಟು ಚೆನ್ನಾಗಿ ಮಡಿಚಿದೀರಿ. ಉಣ್ಣೆನೂ ಕಟ್ಟಿದೀರಿ. ನನ್ನ ಕೈಲಿ ಆಗದೇ ಇದ್ದದ್ದನ್ನ ನೀವು ಮಾಡಿದಿರಿ.”

ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಕಣ್ಣೂ ಅಂಚಿಗೆ ಹೋಯಿತು, ಅಲ್ಲಿಂದ ಕಲೊಲೈನೆಯ ಎಡಗೈಗೆ ಬಂತು. ಪಾದ್ರಿಯ ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟಳು. ಅಲ್ಲಿ ಹೆಣೆಯಲು ಬಾರದವರು ಯಾರೂ ಇರಲಿಲ್ಲ.

“ಈಗ ಮುಗಿದಿದೆ,” ಎಂದಳು ಟೋಕಿಲುಪೆ. “ಅದಕ್ಕೇ ಈಗ ಕೊಡ್ತಿದೀನಿ. ಮುಂಚೆ ಕೊಟ್ಟಿರಲಿಲ್ಲ.” ಕೈಚೀಲದಿಂದ ಲಕೋಟೆ ತೆಗೆದಳು. ಬೇರೆ ಮಾಡಿಟ್ಟದ್ದನ್ನೂ ಮತ್ತೆ ಅದರಲ್ಲೇ ಸೇರಿಸಿದ್ದಳು. ಇಡೀ ಏಳು ಸಾವಿರದ ಇನ್ನೂರು. ಅದನ್ನು ಚಾಪೆಯ ನಡುವೆ, ಮಗು ತಲೆ ಇಡುವ ಜಾಗದಲ್ಲಿ ಇಟ್ಟಳು. “ಇದರ ಜೊತೆ ನನ್ನ ಒಂಬತ್ತು ತಿಂಗಳು. ಸಾಲ ತೀರಿಸೋಕೆ ಅಲ್ಲ, ಸಾಲ ಅಂತ ನೀವು ಅಂದಿರಲಿಲ್ಲ. ಕಾಣಿಕೆ. ಚಾಪೆ ನಿಮ್ಮದು. ದುಡ್ಡು ನಿಮ್ಮದು. ಇದರ ಮೇಲೆ ಮಲಗಿದ್ದೋಳು…” ಅವಳು ಹಣೆಯನ್ನು ನೆಲಕ್ಕೆ ಮುಟ್ಟಿಸಿ ಹಾಗೇ ಇದ್ದುಬಿಟ್ಟಳು.

ಎಲ್ಲರ ಎದುರು ಹಾಸಿದ ಕಾಣಿಕೆಯನ್ನು ಬೇಡ ಎನ್ನುವುದು ಅವಮಾನ. ಅತ್ತಿಗೆಯಾದವಳು ಅದನ್ನು ಮಾಡುವಂತಿರಲಿಲ್ಲ. ತೆಗೆದುಕೊಂಡರೆ, ಇಲ್ಲಿಯವರೆಗೆ ಚಾಪೆಯನ್ನೂ ಮಗುವನ್ನೂ ಕೊಟ್ಟಿರಲಿಲ್ಲ ಎಂದು ಒಪ್ಪಿಕೊಂಡಂತೆ. ಕಲೊಲೈನೆ ಬಗ್ಗಿ ಆ ಅಂಚಿನ ಮೇಲೆ ಬೆರಳಾಡಿಸಿದಳು, ಈ ತುದಿಯಿಂದ ಆ ತುದಿಯವರೆಗೆ. ಅವಳು ಮಾತಾಡಿದಾಗ ಅದು ಪಕ್ಕದವರಿಗಷ್ಟೇ ಕೇಳಿಸಿತು.

“ಗರಿ ಚುಚ್ತಿತ್ತು ಟೋಕಿ. ಕುತ್ತಿಗೆ ಕೆಂಪಗಾಗ್ತಿತ್ತು ಮಗೂಗೆ. ಅದಕ್ಕೇ ಮಡಿಚಿದೆ.” ಸ್ವಲ್ಪ ತಡೆದು, “ಮೊದಲು ಅದಕ್ಕೇ,” ಎಂದಳು.

“ಗೊತ್ತು ಅತ್ತಿಗೆ.”

ಕಲೊಲೈನೆ ಲಕೋಟೆಯನ್ನು ಎತ್ತಿ ತಲೆಗೆ ಮುಟ್ಟಿಸಿ, ಚಾಪೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಮಡಿಲಲ್ಲಿದ್ದ ಮಗುವಿನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಅದನ್ನು ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕುಚ್ಚು ಕಟ್ಟಿ, ಮಗುವನ್ನು ಇಳಿಸಿದಳು.

“ಹೋಗು ಚಿನ್ನ. ಮೆಟ್ಟಿಲ ಹತ್ರ ಅಮ್ಮನ ಚಪ್ಪಲಿ ಇದೆ. ಎತ್ಕೊಡು, ಅಮ್ಮ ಹೊರಡ್ತಾಳೆ.”

ಪಿಸಿಲಾ ಅವಳ ಮುಖವನ್ನೇ ನೋಡಿದಳು. “ನೀನೇ ಅಮ್ಮ,” ಎಂದಳು.

“ನಾನು ಅತ್ತೆ,” ಎಂದಳು ಕಲೊಲೈನೆ. “ಅಮ್ಮ ಅವಳು.”

ಬಸ್ಸಿನಲ್ಲಿ ಮಗು ಊರು ಬರುವವರೆಗೂ ಅತ್ತಿತು. ಮರುದಿನವೂ ಅತ್ತಿತು. ಸೆಮಿಸಿ ಕಪಾಟಿಗೆಂದು ಕಡಿದಿಟ್ಟಿದ್ದ ಹಲಗೆಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋಗಿ ಪಕ್ಕದ ಮನೆಯವರಿಗೆ ಮಾರಿದ. ಆ ವಾರದ ಅಕ್ಕಿ, ಡಬ್ಬಿ ಮಾಂಸ ಅದರಲ್ಲೇ ಬಂತು. ಮುಂದಿನ ವಾರದ್ದು ಎಲ್ಲಿಂದ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಏಜೆಂಟ್ ಫೋನು ಮಾಡಿದಾಗ ಟೋಕಿಲುಪೆ, “ಈ ವರ್ಷ ಆಗಲ್ಲ,” ಎಂದಳು. “ಈ ವರ್ಷ ಬಿಟ್ರೆ ಹೆಸರು ಹೋಗುತ್ತಮ್ಮ,” ಎಂದ. “ಹೋಗ್ಲಿ,” ಎಂದಳು.

ಟೆಲೇಸಿಯಾಳೂ ವವಾವುವಿನಿಂದ ಫೋನು ಮಾಡಿದಳು.

“ಏನೇ, ಫ್ರೀಜರ್ ತಣ್ಣಗಾಯ್ತಾ?”

“ಫ್ರೀಜರ್ ತಗೊಳ್ಳಲಿಲ್ಲ ಕಣೆ.”

“ಮತ್ತೆ ಆ ದುಡ್ಡೆಲ್ಲ ಏನು ಮಾಡಿದೆ?”

“ಮಗಳನ್ನ ಮನೆಗೆ ಕರ್ಕೊಂಡು ಬಂದೆ.”

ಆ ಕಡೆ ಟೆಲೇಸಿಯಾ ಮೂಗು ಸೀಟಿದ್ದು ಕೇಳಿಸಿತು. “ಎಲ್ಲಾನೂ?”

“ಎಲ್ಲಾನೂ.”

“ಅಗ್ಗ ಆಯ್ತು ಬಿಡೇ,” ಎಂದಳು.

ಚಾಪೆ ಇಲ್ಲದೆ ಪಿಸಿಲಾ ಮಧ್ಯಾಹ್ನ ಮಲಗುತ್ತಿರಲಿಲ್ಲ. ಹಳೇ ಹಾಸಿಗೆ ತೋರಿಸಿದರೆ ಕಾಲಿನಿಂದ ಒದೆಯುತ್ತಿದ್ದಳು. ಟೋಕಿಲುಪೆ ಹಿತ್ತಲಿನ ಕೇದಿಗೆ ಕಡಿದು, ಗರಿಯನ್ನು ಸಮುದ್ರದ ನೀರಿನಲ್ಲಿ ಕಲ್ಲು ಹೇರಿ ನೆನೆಸಿ, ಬಿಸಿಲಿಗೆ ಬಿಳುಪಾಗಿಸಿ, ಸೀಳಿ, ಹೆಣೆಯಲು ಕೂತಳು. ದ್ರಾಕ್ಷಿ ಕತ್ತರಿ ಹಿಡಿದ ಬೆರಳುಗಳು ಮೊದಮೊದಲು ಮಾತು ಕೇಳಲಿಲ್ಲ. ಎರಡು ಸಲ ಬಿಚ್ಚಿ ಮತ್ತೆ ಶುರು ಮಾಡಬೇಕಾಯಿತು. ಮೂರನೇ ದಿನ ಒಂದು ಗೇಣಿನಷ್ಟು ಬಂತು. ಮಗು ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಆಮೇಲೆ ಹತ್ತಿರ ಬಂದು ಕೂತಿತು.

“ಇದು ಯಾರದು?”

“ನಿಂದು.”

“ಸಣ್ಣದಿದೆ.”

“ಬೆಳೆಯುತ್ತೆ.”

ಮಗು ಸ್ವಲ್ಪ ಯೋಚಿಸಿತು. ನೆಲದ ಮೇಲೆ ಮೈ ಚಾಚಿ, ಆ ಗೇಣಗಲದ ಹೆಣಿಗೆಯ ಮೇಲೆ ಕೆನ್ನೆಯನ್ನಷ್ಟೇ ಇಟ್ಟು ಕಣ್ಣು ಮುಚ್ಚಿತು. ಬಿಚ್ಚಿಕೊಂಡ ಗರಿಗಳ ತುದಿ ಅದರ ಕುತ್ತಿಗೆಗೆ ತಾಗುತ್ತಿತ್ತು. ಟೋಕಿಲುಪೆ ಹೆಣೆಯುವುದನ್ನು ನಿಲ್ಲಿಸಿ, ತನ್ನ ಅಂಗೈಯನ್ನು ಅಲ್ಲಿ ಅಡ್ಡ ಇಟ್ಟು, ಅಲುಗಾಡದೆ ಕೂತಳು.